ದಕ್ಕೆಯ ಮೇಲೆ ಕಡಲಿನ ಲೆಕ್ಕ

ಕಡಲಿನಲ್ಲಿರುವ ಮೀನನ್ನು ನೇರವಾಗಿ ಎಣಿಸುವ ಉಪಾಯ ಯಾವ ದೇಶಕ್ಕೂ ದಕ್ಕಿಲ್ಲ. ಋತು ಬದಲಾದಂತೆ ಹಿಂಡುಗಳು ನೆಲೆ ಬದಲಿಸುತ್ತವೆ, ಹಗಲಿನಲ್ಲಿ ಒಂದು ಆಳದಲ್ಲಿದ್ದರೆ ಇರುಳಿನಲ್ಲಿ ಇನ್ನೊಂದರಲ್ಲಿರುತ್ತವೆ. ಆದ್ದರಿಂದ ಮೀನುಗಾರಿಕಾ ವಿಜ್ಞಾನವೆಲ್ಲ ನಿಂತಿರುವುದು ಮಾದರಿ ಸಂಗ್ರಹದ ಮೇಲೆ, ಅಂದರೆ ಒಂದು ದೊಡ್ಡ ಸಮೂಹದ ಸಣ್ಣ ಭಾಗವನ್ನು ನಿಯಮಬದ್ಧವಾಗಿ ಆರಿಸಿ, ತೂಗಿ, ಅಳೆದು, ಅದರಿಂದ ಇಡೀ ಸಮೂಹದ ಅಂದಾಜನ್ನು ಕಟ್ಟುವ ವಿಧಾನದ ಮೇಲೆ. ಭಾರತದಲ್ಲಿ ಈ ವಿಧಾನವನ್ನು ರೂಪಿಸಿ ದಶಕಗಳಿಂದ ನಡೆಸಿಕೊಂಡು ಬಂದಿರುವುದು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ. 1947ರಲ್ಲಿ ಆರಂಭವಾಗಿ ಮುಂದೆ ಈಗಿನ ತಮಿಳುನಾಡಿನ ಮಂಡಪಂನಲ್ಲಿ ನೆಲೆಸಿದ್ದ ಈ ಸಂಸ್ಥೆಯ ಕೇಂದ್ರ ಕಚೇರಿ 1971ರಿಂದ ಕೊಚ್ಚಿಯಲ್ಲಿದೆ. ಮಂಗಳೂರು ಮತ್ತು ಕಾರವಾರಗಳಲ್ಲಿ ಅದರ ಕೇಂದ್ರಗಳಿವೆ.

2010ರ ಮೀನುಗಾರಿಕಾ ಗಣತಿಯ ಪ್ರಕಾರ ದೇಶದ ಮುಖ್ಯ ಭೂಭಾಗದ ಕರಾವಳಿಯಲ್ಲಿ 1,500ಕ್ಕೂ ಹೆಚ್ಚು ಇಳಿದಾಣಗಳಿದ್ದವು, ಕರ್ನಾಟಕವೊಂದರಲ್ಲೇ 96. ಇಳಿದಾಣ ಅಥವಾ ದಕ್ಕೆ ಎಂದರೆ ದೋಣಿಗಳು ಮೀನನ್ನು ದಡಕ್ಕಿಳಿಸುವ ಜಾಗ. ಅದು ಮಲ್ಪೆಯಂಥ ದೊಡ್ಡ ಬಂದರೂ ಆಗಿರಬಹುದು, ನಾಲ್ಕು ನಾಡದೋಣಿಗಳು ಬಂದು ನಿಲ್ಲುವ ಮರಳದಂಡೆಯೂ ಆಗಿರಬಹುದು. ಎಲ್ಲೆಡೆಯೂ ಪ್ರತಿದಿನ ಆಳು ನಿಲ್ಲಿಸುವುದು ಅಸಾಧ್ಯವಾದುದರಿಂದ ಕರಾವಳಿಯನ್ನು ವಲಯಗಳಾಗಿ ವಿಂಗಡಿಸಿ, ಒಂದು ವಲಯದ ಒಂದು ತಿಂಗಳನ್ನು ಒಂದು ಘಟಕವೆಂದು ಎಣಿಸಲಾಗುತ್ತದೆ. ತಿಂಗಳ ಮೊದಲ ಐದು ದಿನಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿಂದ ಸತತ ಆರು ದಿನಗಳನ್ನು ಎರಡೆರಡು ದಿನಗಳ ಮೂರು ಜೋಡಿಗಳಾಗಿ ಮಾಡುತ್ತಾರೆ. ತಿಂಗಳ ಉಳಿದ ಭಾಗಕ್ಕೆ ಇದೇ ಕ್ರಮ ಹತ್ತು ದಿನಗಳ ಅಂತರದಲ್ಲಿ ಪುನರಾವರ್ತನೆಯಾಗುತ್ತದೆ. ಪ್ರತಿ ಜೋಡಿಗೂ ಒಂದು ಇಳಿದಾಣ ಗೊತ್ತಾಗುತ್ತದೆ. ಗಣತಿದಾರರು ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಿಗ್ಗೆ 6ರಿಂದ 12ರವರೆಗೆ ಅಲ್ಲಿದ್ದು ದಾಖಲಿಸುತ್ತಾರೆ. ನಡುವಿನ ಇರುಳಿನಲ್ಲಿ ಇಳಿದ ಮೀನಿನ ಲೆಕ್ಕವನ್ನು ವಿಚಾರಿಸಿ ತಿಳಿಯುತ್ತಾರೆ. ಬಂದ ದೋಣಿಗಳು ಕೆಲವೇ ಇದ್ದರೆ ಎಲ್ಲವನ್ನೂ ನೋಡುವುದು, ಇಪ್ಪತ್ತು ದಾಟಿದರೆ ಎರಡಕ್ಕೊಂದು, ಮೂವತ್ತು ದಾಟಿದರೆ ಮೂರಕ್ಕೊಂದು ಎಂಬಂತೆ ಆರಿಸುವುದು ನಿಯಮ. ನೋಡಿದ ದೋಣಿಗಳ ಸರಾಸರಿಯಿಂದ ಆ ದಿನದ ಇಳುವರಿ, ದಿನಗಳಿಂದ ತಿಂಗಳಿನದು, ತಿಂಗಳುಗಳಿಂದ ರಾಜ್ಯದ ವರ್ಷದ ಇಳುವರಿ ಹೊರಡುತ್ತದೆ. ಯಾವ ದಿನ, ಯಾವ ದಕ್ಕೆ, ಯಾವ ದೋಣಿ ಎಂಬ ಆಯ್ಕೆಯನ್ನು ಗಣತಿದಾರರ ಅನುಕೂಲಕ್ಕೆ ಬಿಡದಿರುವುದೇ ಈ ವಿನ್ಯಾಸದ ಜೀವಾಳ. ಅದರಿಂದಾಗಿಯೇ ಅಂದಾಜಿನಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಲೆಕ್ಕ ಹಾಕಲು ಸಾಧ್ಯವಾಗುತ್ತದೆ.

ತೂಕದ ಲೆಕ್ಕದಿಂದ ಎಷ್ಟು ಹಿಡಿದರೆಂಬುದು ತಿಳಿಯುತ್ತದೆ, ಆದರೆ ಹಿಡಿದದ್ದು ಮರಿಯೋ ಬಲಿತದ್ದೋ ಎಂಬುದು ತಿಳಿಯುವುದಿಲ್ಲ. ಅದಕ್ಕಾಗಿ ಉದ್ದವನ್ನು ಅಳೆಯಬೇಕು. ಅಳತೆಹಲಗೆ ಬಹಳ ಸರಳವಾದ ಸಾಧನ: ಒಂದು ತುದಿಯಲ್ಲಿ ಅಡ್ಡಪಟ್ಟಿ, ಅಲ್ಲಿಂದ ಮಿಲಿಮೀಟರಿನ ಗೀಟುಗಳು. ಬಂಗುಡೆಯ ಬಾಯಿ ಮುಚ್ಚಿ, ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿ, ಮೈಯನ್ನು ಬಾಗದಂತೆ ಮಲಗಿಸಿ ಬಾಲದ ತುದಿಯ ಗೀಟನ್ನು ಓದಬೇಕು. ಕಷ್ಟವಿರುವುದು ಅಳೆಯುವುದರಲ್ಲಿ ಅಲ್ಲ, ಯಾವುದನ್ನು ಅಳೆಯಬೇಕೆಂಬುದರಲ್ಲಿ. ಬುಟ್ಟಿಯ ಮುಂದೆ ಕುಳಿತವರ ಕೈ ತಾನಾಗಿಯೇ ದೊಡ್ಡ ಮೀನಿನತ್ತ ಹೋಗುವುದರಿಂದ ಒಂದು ಬುಟ್ಟಿಯನ್ನು ಅಥವಾ ಅದರ ಒಂದು ಪಾಲನ್ನು ಆಯದೆ ಪೂರ್ತಿಯಾಗಿ ಅಳೆಯಬೇಕಾಗುತ್ತದೆ. ಹಲವು ದಿನ ಕಡಲಲ್ಲಿದ್ದು ಮರಳಿದ ಟ್ರಾಲ್ ಬೋಟಿನಲ್ಲಂತೂ ಬೇರೆ ಬೇರೆ ದಿನ, ಬೇರೆ ಬೇರೆ ಆಳದಲ್ಲಿ ಸಿಕ್ಕ ಮೀನು ಮಂಜುಗಡ್ಡೆಯ ನಡುವೆ ಪದರಪದರವಾಗಿರುತ್ತದೆ. ಇಷ್ಟನ್ನೂ ಏಲಂ ಕೂಗುವವರ, ಬುಟ್ಟಿ ಹೊರುವವರ ಅವಸರದ ನಡುವೆ ನಿಮಿಷಗಳಲ್ಲಿ ಮುಗಿಸಬೇಕು. ದೇಶದ ಮೀನುಗಾರಿಕಾ ನೀತಿಗೆ ಆಧಾರವಾದ ಅಂಕಿಗಳು ಹುಟ್ಟುವುದು ಈ ತಾಳ್ಮೆಯ ಕೆಲಸದಲ್ಲಿ ಎಂಬುದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಶೀತ ಕಡಲುಗಳ ಮೀನಿನ ವಯಸ್ಸನ್ನು ಅದರ ತಲೆಯೊಳಗಿನ ಕಿವಿಕಲ್ಲಿನ ಉಂಗುರಗಳಿಂದ ಓದುತ್ತಾರೆ. ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗಿ ವರ್ಷಕ್ಕೊಂದು ಗುರುತು ಮೂಡುತ್ತದೆ. ವರ್ಷವಿಡೀ ಬೆಚ್ಚಗಿರುವ ಅರಬ್ಬೀ ಕಡಲಿನಲ್ಲಿ ಆ ಗುರುತು ಅಷ್ಟು ಸ್ಪಷ್ಟವಾಗಿ ಸಿಗದ ಕಾರಣ, ತಿಂಗಳು ತಿಂಗಳು ಅಳೆದ ಸಾವಿರಾರು ಉದ್ದಗಳನ್ನು ಒಟ್ಟಿಗಿಟ್ಟು, ಒಂದೇ ಕಾಲದಲ್ಲಿ ಹುಟ್ಟಿದ ತಲೆಮಾರು ಹೇಗೆ ಉದ್ದವಾಗುತ್ತ ಹೋಯಿತೆಂಬುದನ್ನು ಗುರುತಿಸಿ ಬೆಳವಣಿಗೆಯನ್ನೂ ಸಾವಿನ ಪ್ರಮಾಣವನ್ನೂ ಅಂದಾಜಿಸುತ್ತಾರೆ. ಒಂದೆರಡು ತಿಂಗಳು ಅಳತೆ ತಪ್ಪಿದರೆ ಈ ಸರಪಣಿ ಕಡಿಯುತ್ತದೆ.

ಬಲೆಯೂ ಮೀನನ್ನು ಆರಿಸುತ್ತದೆ ಎಂಬುದನ್ನು ಮಾದರಿ ಸಂಗ್ರಹಿಸುವವರು ಮರೆಯುವಂತಿಲ್ಲ. ಟ್ರಾಲ್ ಬಲೆಯ ಹಿಂತುದಿಯಲ್ಲಿ ಮೀನು ಸೇರುವ ಚೀಲದ ಕಣ್ಣು ದೊಡ್ಡದಾದಷ್ಟೂ ಮರಿಗಳು ನುಸುಳಿಹೋಗುತ್ತವೆ, ಆದ್ದರಿಂದ ದಡಕ್ಕೆ ಮರಿ ಬರಲಿಲ್ಲವೆಂದ ಮಾತ್ರಕ್ಕೆ ಕಡಲಲ್ಲಿ ಮರಿ ಇಲ್ಲವೆನ್ನುವಂತಿಲ್ಲ. ಎಷ್ಟು ನುಸುಳಿತೆಂದು ತಿಳಿಯಲು ಆ ಚೀಲದ ಹೊರಗೆ ಇನ್ನೂ ಸಣ್ಣ ಕಣ್ಣಿನ ಮತ್ತೊಂದು ಚೀಲವನ್ನು ಹೊದಿಸಿ ಎಳೆದು, ಎರಡರಲ್ಲೂ ಸಿಕ್ಕಿದ್ದನ್ನು ಹೋಲಿಸುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಬಂಗುಡೆ, ಬೂತಾಯಿಗಳ ಹಿಂಡು ದಡಕ್ಕೆ ಹತ್ತಿರ ಬಂದಾಗ ಮಾತ್ರ ಅದನ್ನು ಸುತ್ತುವರಿದು, ಹತ್ತಾರು ಮಂದಿ ಕೂಡಿ ದಡಕ್ಕೆಳೆಯುತ್ತಿದ್ದ ರಾಂಪಣಿ ಬಲೆಯ ಜಾಗವನ್ನು 1970ರ ದಶಕದ ಉತ್ತರಾರ್ಧದಿಂದ ಹಿಂಡನ್ನೇ ಹುಡುಕಿಕೊಂಡು ಹೋಗುವ ಪರ್ಸೀನ್ ಬೋಟುಗಳು ಆಕ್ರಮಿಸಿದವು. ಅಂದಿನ ಒಂದು ರಾಂಪಣಿಯ ಇಳುವರಿಯನ್ನೂ ಇಂದಿನ ಒಂದು ಪರ್ಸೀನಿನ ಇಳುವರಿಯನ್ನೂ ಪಕ್ಕಪಕ್ಕ ಇಟ್ಟರೆ ಮೀನು ಹೆಚ್ಚಿತೋ ಬಲೆಯ ಶಕ್ತಿ ಹೆಚ್ಚಿತೋ ಎಂಬುದು ಬೇರ್ಪಡುವುದಿಲ್ಲ. ಹಾಗಾಗಿ ಇಳುವರಿಯ ಜೊತೆಗೆ ಬಲೆಯ ಬಗೆ, ಮೀನು ಹಿಡಿದ ಗಂಟೆಗಳು, ಹೋದ ಆಳ ಇವೆಲ್ಲವೂ ದಾಖಲಾಗಬೇಕು.

ಮೀನುಗಾರರ ಬಲೆಯನ್ನು ನೆಚ್ಚದ ಸಮೀಕ್ಷೆಗಳೂ ಉಂಟು. 1971ರಲ್ಲಿ ಕೊಚ್ಚಿಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಆರಂಭವಾದ ಯೋಜನೆಯು ನೈರುತ್ಯ ಕರಾವಳಿಯ ಹಿಂಡುಗಳನ್ನು ಪ್ರತಿಧ್ವನಿ ಯಂತ್ರದಿಂದ ಅಳೆಯಿತು. ನೀರಿಗೆ ಬಿಟ್ಟ ಶಬ್ದ ಮೀನಿನ ಒಡಲಿನ ಗಾಳಿಚೀಲಕ್ಕೆ ತಾಗಿ ಮರಳುವುದೇ ಇಲ್ಲಿನ ಆಧಾರ. ಭಾರತೀಯ ಮೀನುಗಾರಿಕಾ ಸಮೀಕ್ಷಾ ಸಂಸ್ಥೆಯ ಹಡಗುಗಳು ಗೊತ್ತಾದ ವೇಗದಲ್ಲಿ, ಗೊತ್ತಾದ ಸಮಯ ಟ್ರಾಲ್ ಎಳೆದು, ಬಲೆ ಗುಡಿಸಿದ ನೆಲದ ವಿಸ್ತೀರ್ಣದಿಂದ ಮೀನಿನ ಸಾಂದ್ರತೆಯನ್ನು ಕಾಣುತ್ತವೆ. ಮೊಟ್ಟೆ ಮತ್ತು ಎಳೆಮರಿಗಳಿಗಾಗಿ ಬಳಸುವ ಬಾಂಗೋ ಬಲೆಯಲ್ಲಿ ಜೋಡಿ ಬಳೆಗಳಿಗೆ ಕಟ್ಟಿದ ಎರಡು ಉದ್ದ ಜಾಲರಿಗಳಿರುತ್ತವೆ. ಬಾಯಿಯಲ್ಲಿರುವ ಪುಟ್ಟ ತಿರುಗುಚಕ್ರದ ಸುತ್ತುಗಳಿಂದ ಎಷ್ಟು ನೀರು ಸೋಸಿತೆಂದು ತಿಳಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ನಿಷೇಧದಿಂದ ಯಾಂತ್ರಿಕ ಬೋಟುಗಳು ನಿಂತಿರುವಾಗಲೇ ಬೂತಾಯಿಯ ಮೊಟ್ಟೆಯಿಡುವ ಕಾಲವೂ ಬರುವುದರಿಂದ ಇಂಥ ಹಡಗುಗಳ ಅಗತ್ಯ ಹೆಚ್ಚು.

ಆದರೂ ಸಾಧನ ಎಷ್ಟೇ ಸೂಕ್ಷ್ಮವಾಗಿರಲಿ, ಬಿಡದೆ ನಡೆದ ದಾಖಲೆಗೆ ಅದು ಬದಲಿಯಾಗದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿದದ್ದನ್ನು ನಂಬುವಂತೆ ಹೇಳಲು ಸಾಧ್ಯವಾದದ್ದು ಒಂದೇ ವಿಧಾನ ವರ್ಷವರ್ಷವೂ ಮುಂದುವರಿದುದರಿಂದ. ಈ ದಾಖಲೆಗೂ ಮಿತಿಯಿದೆ: ಬೆಲೆಯಿಲ್ಲದ ಮೀನನ್ನು ಕಡಲಿಗೇ ಸುರಿದು ಬರುವ ರೂಢಿಯಿರುವಲ್ಲಿ ದಕ್ಕೆಯ ಲೆಕ್ಕ ಸೋಲುತ್ತದೆ. ಈಗ ಅಂಥ ಮೀನಿನ ಬಹುಪಾಲು ಮೀನುಪುಡಿ ಕಾರ್ಖಾನೆಗಳಿಗಾಗಿ ದಡಕ್ಕೆ ಬರುತ್ತಿದೆ. ಒಂದೇ ರಾಶಿಯಲ್ಲಿ ಹತ್ತಾರು ಜಾತಿಯ ಮರಿಗಳು ಬೆರೆತಿರುವುದರಿಂದ ಅದರ ಒಂದು ಪಾಲನ್ನು ಪ್ರಯೋಗಾಲಯಕ್ಕೆ ಒಯ್ದು, ಜಾತಿವಾರು ಬೇರ್ಪಡಿಸಿ, ಒಂದೊಂದನ್ನೂ ಅಳೆಯಲಾಗುತ್ತಿದೆ.