ಪೈನ್ ಮರದ ಫೋಟೋ: ಏನು ತೋರಿಸಬೇಕು, ಏನು ಮುಚ್ಚಿಡಬೇಕು?

ಶಿಮ್ಲಾ, ಮಸ್ಸೂರಿ, ಲ್ಯಾನ್ಸ್‌ಡೌನ್ ಕಡೆ ನಾಲ್ಕು ದಿನ ಸುತ್ತಿ ಬಂದವರ ಫೋನ್‌ನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಬುಡದಲ್ಲಿ ನಿಂತು ಕತ್ತೆತ್ತಿ ತೆಗೆದ, ಆಕಾಶಕ್ಕೆ ಏಣಿ ಹಾಕಿದಂತೆ ಕಾಣುವ ಎತ್ತರದ ಮರ. ಊರಿಗೆ ಮರಳಿದ ಮೇಲೆ ಅದು ಹವ್ಯಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ‘ಪೈನ್ ಮರ, ಸೂಪರ್ ಅಲ್ವಾ?’ ಎಂಬ ಒಕ್ಕಣೆ. ಹತ್ತು ಮಂದಿ ಮೆಚ್ಚುತ್ತಾರೆ. ಯಾರೋ ಒಬ್ಬರು ‘ಯಾವ ಪೈನ್ ಸರ್?’ ಎಂದು ಕೇಳುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಫೋಟೋದಲ್ಲಿ ಇರುವುದಿಲ್ಲ. ಎಷ್ಟೋ ಸಲ ಅದು ಪೈನ್ ಕೂಡ ಆಗಿರುವುದಿಲ್ಲ, ದೇವದಾರು ಆಗಿರುತ್ತದೆ.

ಹಕ್ಕಿಯ ಫೋಟೋ ತೆಗೆಯುವವರಿಗೆ ಈ ತೊಂದರೆ ಕಡಿಮೆ. ಕೊಕ್ಕು, ರೆಕ್ಕೆ, ಬಣ್ಣ ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ. ಮರ ಹಾಗಲ್ಲ. ಇಡೀ ಮರ ಚೌಕಟ್ಟಿಗೆ ಬರುವಷ್ಟು ದೂರ ಹೋದರೆ ಗುರುತು ಹಿಡಿಯುವ ಅಂಗಗಳು ಮಾಯವಾಗುತ್ತವೆ. ಹಾಗಾಗಿ ಒಂದು ಚೆಂದದ ಚಿತ್ರದ ಜೊತೆ ಹತ್ತಿರದಿಂದ ತೆಗೆದ ಮೂರು ಸಾದಾ ಚಿತ್ರಗಳು ಬೇಕು: ಎಲೆ, ಕಾಯಿ, ತೊಗಟೆ.

ಸೂಜಿ ಎಣಿಸಿದರೆ ಅರ್ಧ ಕೆಲಸ ಮುಗಿಯಿತು

ಪೈನ್‌ನ ಎಲೆ ಸೂಜಿಯಂತಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆ ಸೂಜಿಗಳು ಒಂಟಿಯಾಗಿ ಅಲ್ಲ, ಬುಡದಲ್ಲಿ ಸೇರಿಕೊಂಡ ಪುಟ್ಟ ಕಟ್ಟುಗಳಾಗಿ ಹುಟ್ಟುತ್ತವೆ ಎನ್ನುವುದನ್ನು ಗಮನಿಸಿದವರು ಕಡಿಮೆ. ಒಂದು ಕಟ್ಟಿನಲ್ಲಿ ಎಷ್ಟು ಸೂಜಿ ಎಂಬುದೇ ಮೊದಲ ಸುಳಿವು. ಕೆಳಗೆ ಬಿದ್ದಿರುವ ಒಂದು ಕಟ್ಟನ್ನು ಅಂಗೈ ಮೇಲಿಟ್ಟುಕೊಂಡು, ಸೂಜಿಗಳನ್ನು ಬಿಡಿಸಿ ಫೋಟೋ ತೆಗೆದರೆ ಸಾಕು. ಕೊಂಬೆ ಮುರಿಯಬೇಕಾಗಿಲ್ಲ. ಅಂಗೈ ಇರುವುದರಿಂದ ಉದ್ದದ ಅಂದಾಜೂ ಸಿಗುತ್ತದೆ.

ಉತ್ತರಾಖಂಡ, ಹಿಮಾಚಲದ ಕೆಳ ಬೆಟ್ಟಗಳಲ್ಲಿ ಹೆಚ್ಚಾಗಿ ಕಾಣುವುದು ಚೀಡ್ ಅಥವಾ ಚಿರ್ ಪೈನ್. ಅದರ ಕಟ್ಟಿನಲ್ಲಿ ಮೂರು ಸೂಜಿ, ಒಂದೊಂದೂ 20ರಿಂದ 30 ಸೆಂಟಿಮೀಟರ್ ಉದ್ದ. ತೊಗಟೆ ದಪ್ಪ, ಆಳವಾಗಿ ಸೀಳಿದ ಕೆಂಪು ಮಿಶ್ರಿತ ಕಂದು ಬಣ್ಣದ ಹಲಗೆಗಳಂತೆ. ಪ್ರವಾಸಿಗರು ಚೀಲದಲ್ಲಿ ತುಂಬಿಕೊಂಡು ಬರುವ ಮರದಂಥ ಗಟ್ಟಿ ಕಾಯಿ, ಅಂದರೆ ಕೋನ್, ಬಹುಪಾಲು ಇದರದೇ. ಇನ್ನೂ ಮೇಲಕ್ಕೆ, 2,000 ಮೀಟರ್ ದಾಟಿದ ಮೇಲೆ, ಕೈಲ್ ಎಂದು ಕರೆಯುವ ನೀಲಿ ಪೈನ್ ಹೆಚ್ಚುತ್ತದೆ. ಕಟ್ಟಿನಲ್ಲಿ ಐದು ತೆಳು ಸೂಜಿ, ಜೋಲು ಬಿದ್ದಂತೆ. ಕಾಯಿ ಬಾಳೆಕಾಯಿಯ ಹಾಗೆ ಉದ್ದ. ಎರಡನ್ನೂ ಒಮ್ಮೆ ಪಕ್ಕಪಕ್ಕ ನೋಡಿದವರು ಮತ್ತೆ ತಪ್ಪುವುದಿಲ್ಲ.

ದೇವದಾರು ಪೈನ್‌ನ ದಾಯಾದಿ. ಅದರ ಸೂಜಿಗಳು ಗಿಡ್ಡ, ಇಪ್ಪತ್ತು ಮೂವತ್ತು ಒಟ್ಟಿಗೆ ಕುಚ್ಚಿನಂತೆ ಇರುತ್ತವೆ. ಕಾಯಿ ಪೀಪಾಯಿಯಂತೆ ಕೊಂಬೆಯ ಮೇಲೆ ನೆಟ್ಟಗೆ ಕೂತಿದ್ದು, ಅಲ್ಲೇ ಬಿಲ್ಲೆಬಿಲ್ಲೆಯಾಗಿ ಉದುರುತ್ತದೆ. ಶಿಮ್ಲಾದ ‘ಪೈನ್’ ಫೋಟೋಗಳಲ್ಲಿ ಬಹಳಷ್ಟು ಈ ಮರದವು.

ದೆಹಲಿಯ ಒಣಹಣ್ಣಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಚಿಲ್ಗೋಜಾ ಕೂಡ ಒಂದು ಪೈನ್‌ನ ಬೀಜ. ಹಿಮಾಚಲದ ಕಿನ್ನೌರ್ ಅದರ ನೆಲೆ. ಇದಕ್ಕೂ ಮೂರೇ ಸೂಜಿ, ಆದರೆ ಗಿಡ್ಡ. ತೊಗಟೆ ಚಕ್ಕೆಚಕ್ಕೆಯಾಗಿ ಸುಲಿದು, ಬೂದು, ಹಸಿರು, ಹಳದಿ ತೇಪೆ ಹಾಕಿದಂತಿರುತ್ತದೆ. ಕ್ಯಾಮೆರಾಗೆ ಇದಕ್ಕಿಂತ ಒಳ್ಳೆಯ ತೊಗಟೆ ಸಿಗುವುದು ಕಷ್ಟ. ಬೀಜಕ್ಕಾಗಿ ಕಾಯಿಗಳನ್ನೆಲ್ಲ ಕೀಳುವುದರಿಂದ ಕಾಡಿನಲ್ಲಿ ತಾನಾಗಿ ಹುಟ್ಟುವ ಚಿಲ್ಗೋಜಾ ಸಸಿಗಳು ತೀರಾ ಕಡಿಮೆ. ಹಾಗಾಗಿ ಅಲ್ಲಿ ಒಂದು ಎಳೆ ಸಸಿಯ ಫೋಟೋಗೆ ದೊಡ್ಡ ಮರದ ಫೋಟೋಗಿಂತ ಹೆಚ್ಚಿನ ಬೆಲೆ. ಶಿಲ್ಲಾಂಗ್ ಕಡೆಯದು ಖಾಸಿ ಪೈನ್. ಅದಕ್ಕೂ ಮೂರು ಸೂಜಿ, ಆದರೆ ಬಲು ತೆಳು.

ಲಾಲ್‌ಬಾಗ್‌ನಲ್ಲಿರುವುದು ಪೈನ್ ಅಲ್ಲ

ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆದ ಪೈನ್ ಕಾಡು ಇಲ್ಲ. ಕೊಡೈಕೆನಾಲ್, ಊಟಿಯಲ್ಲಿ ಜನ ಮುಗಿಬಿದ್ದು ಫೋಟೋ ತೆಗೆಸಿಕೊಳ್ಳುವ ಪೈನ್ ಕಾಡುಗಳು ನೆಟ್ಟು ಬೆಳೆಸಿದವು. ಅಲ್ಲಿ ನೆಟ್ಟವುಗಳಲ್ಲಿ ಮೆಕ್ಸಿಕೋ ಮೂಲದ ಪಟುಲಾ ಪೈನ್ ಮುಖ್ಯವಾದದ್ದು. ಕಂಬಗಳ ಸಾಲಿನಂತೆ ಒಂದೇ ಅಳತೆಯಲ್ಲಿ ಮರಗಳು ನಿಂತಿರುವುದಕ್ಕೆ ಕಾರಣವೂ ಅದೇ. ಆದರೆ ತೋಪು ಇದ್ದಲ್ಲೇ ನಿಂತಿಲ್ಲ. ಬೀಜ ಗಾಳಿಗೆ ಹಾರಿ ಪಕ್ಕದ ಶೋಲಾ ಹುಲ್ಲುಗಾವಲುಗಳಲ್ಲಿ ಪೈನ್ ಮೊಳೆಯುತ್ತಿದೆ. ನೀಲಗಿರಿ ಪಿಪಿಟ್‌ನಂತಹ ಹಕ್ಕಿಗೆ ಆ ಹುಲ್ಲುಗಾವಲೇ ಮನೆ. ತೋಪಿನೊಳಗೆ ನಿಂತು ಸೆಲ್ಫಿ ತೆಗೆಯುವವರು ಹೊರಗೆ ಬಂದು, ಹುಲ್ಲಿನ ನಡುವೆ ಎದ್ದ ಮೊಣಕಾಲೆತ್ತರದ ಪೈನ್ ಸಸಿಯ ಚಿತ್ರವನ್ನು ದಿನಾಂಕದ ಸಮೇತ ಹಾಕಿದರೆ, ಅದು ಹೇಗೆ ಹರಡುತ್ತಿದೆ ಎಂದು ಹುಡುಕುವವರಿಗೆ ಕೆಲಸಕ್ಕೆ ಬರುತ್ತದೆ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ‘ಕ್ರಿಸ್‌ಮಸ್ ಮರ’ ಎಂದು ಜನ ಕರೆಯುವ, ಗೋಪುರದಂತೆ ಎತ್ತರಕ್ಕೆ ಬೆಳೆದ ಮರಗಳಿವೆ. ಇವು ಕುಕ್ ಪೈನ್. ಹೆಸರಲ್ಲಿ ಪೈನ್ ಇದ್ದರೂ ಇವು ಅರಾಕೇರಿಯಾ ಕುಟುಂಬಕ್ಕೆ ಸೇರಿದವು, ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾದಿಂದ ಬಂದವು. ಎಲೆ ಸೂಜಿಯ ಕಟ್ಟಲ್ಲ, ಹಗ್ಗ ಹೊಸೆದಂತೆ ಒತ್ತಾಗಿ ಜೋಡಿಸಿದ ಪುಟ್ಟ ಹುರುಪೆಗಳು. ಈ ಮರಕ್ಕೆ ಒಂದು ವಿಚಿತ್ರ ಗುಣವಿದೆ: ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. ಐದು ಖಂಡಗಳ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸರಾಸರಿ ವಾಲಿಕೆ 8.55 ಡಿಗ್ರಿ. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ಫೋಟೋ ಸೊಟ್ಟಗಿದೆ ಎಂದುಕೊಂಡು ಆ್ಯಪ್‌ನಲ್ಲಿ ಮರವನ್ನು ನೆಟ್ಟಗೆ ಮಾಡುವವರು ಈ ಸಂಗತಿಯನ್ನೇ ಅಳಿಸಿಬಿಡುತ್ತಾರೆ.

ಚೆನ್ನೈ, ಕಾರವಾರದ ಕಡಲ ದಂಡೆಯಲ್ಲಿ ಕಾಣುವ ಗಾಳಿ ಮರವೂ ಪೈನ್ ಅಲ್ಲ. ಅದು ಹೂ ಬಿಡುವ ಜಾತಿ. ಸೂಜಿಯಂತೆ ಕಾಣುವುದು ಗಿಣ್ಣುಗಳಿರುವ ಎಳೆ ರೆಂಬೆ.

ಬೆಳಕು ಸಿಕ್ಕರೆ ಕಾಂಡವೇ ಚಿತ್ರ

ಪೈನ್ ಕಾಡಿನಲ್ಲಿ ನಡು ಮಧ್ಯಾಹ್ನ ತೆಗೆದ ಫೋಟೋ ಕೆಡುವುದು ಸಾಮಾನ್ಯ. ನೆಲದ ಮೇಲೆ ಬಿಸಿಲ ಚೂರುಗಳು ಬೆಳ್ಳಗೆ ಸುಟ್ಟುಹೋಗಿ, ನೆರಳು ಕಪ್ಪಾಗುತ್ತದೆ. ದಕ್ಷಿಣ ಕೊರಿಯಾದ ಛಾಯಾಗ್ರಾಹಕ ಬೇ ಬ್ಯೊಂಗ್ ಊ ಹಲವು ದಶಕ ಗ್ಯೊಂಗ್ಜು ಪಟ್ಟಣದ ಪೈನ್ ತೋಪುಗಳನ್ನೇ ಕಪ್ಪು-ಬಿಳುಪಿನಲ್ಲಿ ತೆಗೆದವರು. ಅವರ ಹೆಸರಾಂತ ಚಿತ್ರಗಳು ಮಂಜಿನ ಬೆಳಗಿನವು. ಅವುಗಳಲ್ಲಿ ಮರದ ತುದಿಯೇ ಕಾಣುವುದಿಲ್ಲ, ಡೊಂಕು ಕಾಂಡಗಳಷ್ಟೇ. ಮಂಜು ಹಿಂದಿನ ಮರಗಳನ್ನು ಮಸುಕು ಮಾಡಿ ಮುಂದಿನವನ್ನು ಬೇರ್ಪಡಿಸುತ್ತದೆ. ಹವ್ಯಾಸಿಗಳಿಗೆ ಇದು ಖರ್ಚಿಲ್ಲದ ಪಾಠ: ಬೇಗ ಏಳಬೇಕು, ಕತ್ತೆತ್ತುವುದನ್ನು ಬಿಟ್ಟು ಕಣ್ಣಿನ ಎತ್ತರಕ್ಕೆ ನೋಡಬೇಕು. ಇಡೀ ಮರವೇ ಬೇಕೆಂದರೆ ಎದುರಿನ ಇಳಿಜಾರನ್ನು ಹತ್ತಿ, ಮರದ ನಡುಮಟ್ಟಕ್ಕೆ ನಿಂತು ತೆಗೆದರೆ ಅದು ಹಿಂದಕ್ಕೆ ಬೀಳುವಂತೆ ಕಾಣುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಚೀಡ್ ಕಾಡಿನ ನೆಲ ಒಣ ಸೂಜಿಯಿಂದ ತುಂಬಿ ಕಿಡಿಗೆ ಕಾದಿರುತ್ತದೆ. ಆಗ ಬೀಡಿ, ಸ್ಟವ್ ಯಾವುದೂ ಬೇಡ.

ಹಂಚುವ ಮೊದಲು ಜಾಗದ ಯೋಚನೆ

ಗುರುತು ಬಿಟ್ಟುಕೊಟ್ಟಷ್ಟು ಸುಲಭವಾಗಿ ಜಾಗವನ್ನು ಬಿಟ್ಟುಕೊಡುವಂತಿಲ್ಲ. ಇದಕ್ಕೆ ಅಮೆರಿಕದ ಬ್ರಿಸಲ್‌ಕೋನ್ ಪೈನ್‌ಗಳ ಕತೆಯೇ ಸಾಕು. ನೆವಾಡಾದ ವೀಲರ್ ಶಿಖರದ ಬಳಿ ಇದ್ದ ಇಂಥ ಒಂದು ಮರವನ್ನು 1964ರಲ್ಲಿ ಡೊನಾಲ್ಡ್ ಕರಿ ಎಂಬ ಸಂಶೋಧನಾ ವಿದ್ಯಾರ್ಥಿ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಕಡಿಸಿದರು. ಉಂಗುರ ಎಣಿಸಿದಾಗ 4,800 ದಾಟಿತು. ಅಷ್ಟು ಹಳೆಯ ಮರ ಆವರೆಗೆ ದಾಖಲಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿರುವ, ಅಷ್ಟೇ ವಯಸ್ಸಿನ ‘ಮೆಥುಸೆಲಾ’ ಯಾವುದು ಎಂದು ಅಲ್ಲಿನ ಅರಣ್ಯ ಇಲಾಖೆ ಗುರುತು ಹಾಕಿಲ್ಲ. ಅದೇ ಹೆಸರಿನ ಕಾಲುದಾರಿಯಲ್ಲಿ ಜನ ಕಂಡ ಹಳೆಯ ಮರಗಳನ್ನೆಲ್ಲ ಕ್ಲಿಕ್ಕಿಸುತ್ತಾರೆ. ಯಾವುದು ಅದು ಎಂದು ತಿಳಿಯದೆ.

ಗುಟ್ಟು ಒಡೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಅದೇ ರಾಜ್ಯದಲ್ಲಿದೆ. ಪೈನ್ ಅಲ್ಲ, ರೆಡ್‌ವುಡ್. ಜಗತ್ತಿನ ಅತಿ ಎತ್ತರದ ಮರವಾದ ‘ಹೈಪೀರಿಯನ್’ಗೆ ದಾರಿಯೇ ಇರಲಿಲ್ಲ. ಅದರ ಜಾಗ ಇಂಟರ್‌ನೆಟ್‌ನಲ್ಲಿ ಹರಿದಾಡಿದ ಮೇಲೆ ಜನ ಪೊದೆ ತುಳಿದು ಹೋಗತೊಡಗಿದರು. ಬುಡದ ಮಣ್ಣು ಗಟ್ಟಿಯಾಯಿತು, ಸುತ್ತಲಿನ ಜರೀಗಿಡ ಅಳಿಯಿತು, ಕಸ ಬಿತ್ತು. ಕೊನೆಗೆ 2022ರಲ್ಲಿ ಆ ಪ್ರದೇಶವನ್ನೇ ಮುಚ್ಚಲಾಯಿತು. ನುಗ್ಗಿದವರಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅಲ್ಲಿಗೆ ಹೋದ ಯಾರೂ ಮರಕ್ಕೆ ಕೆಡುಕು ಬಯಸಿರಲಾರರು. ಫೋಟೋ ಬೇಕಿತ್ತು, ಅಷ್ಟೇ.

ಫೋನ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಕ್ಯಾಮೆರಾ ಪ್ರತಿ ಚಿತ್ರದೊಳಗೂ ಜಾಗದ ಅಕ್ಷಾಂಶ, ರೇಖಾಂಶ ಬರೆದಿಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಉಳಿಯುವುದಿಲ್ಲ. ಗುಣಮಟ್ಟ ಕೆಡದಿರಲಿ ಎಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಹವ್ಯಾಸಿಗಳು ಎಡವುವುದು ಇಲ್ಲೇ. ಐನ್ಯಾಚುರಲಿಸ್ಟ್‌ನಲ್ಲಿ ಹಾಕುವವರು ಜಾಗವನ್ನು ಮಸುಕು ಮಾಡುವ ಆಯ್ಕೆ ಒತ್ತಿದರೆ, ನಿಖರ ಬಿಂದುವಿನ ಬದಲು ಸುತ್ತಲಿನ ವಿಶಾಲ ಪ್ರದೇಶವಷ್ಟೇ ಉಳಿದವರಿಗೆ ಕಾಣುತ್ತದೆ. ಕೊಡೈಕೆನಾಲ್ ತೋಪಿನ ಜಾಗ ಮುಚ್ಚಿಡಬೇಕಾದ್ದೇನಿಲ್ಲ, ಹುಲ್ಲುಗಾವಲಿನ ಸಸಿಯದಂತೂ ನಿಖರವಾಗಿಯೇ ಬೇಕು. ಕಾಲುದಾರಿ ಇಲ್ಲದ ಕಡೆ ಒಂಟಿಯಾಗಿ ನಿಂತ ಮುದಿ ಮರವಾದರೆ ಜಿಲ್ಲೆಯ ಹೆಸರು ಸಾಕು.

ದಿನಾಂಕವನ್ನು ಮಾತ್ರ ಯಾವತ್ತೂ ಅಳಿಸಬಾರದು. ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಸೆಂಟಿನೆಲ್ ಡೋಮ್ ಎಂಬ ಬೋಳು ಬಂಡೆಯ ಮೇಲೆ ಒಂದೇ ಒಂದು ಜೆಫ್ರಿ ಪೈನ್ ಗಾಳಿಗೆ ಬಾಗಿ ಬೆಳೆದಿತ್ತು. 1860ರ ದಶಕದಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್, 1940ರಲ್ಲಿ ಆ್ಯನ್ಸೆಲ್ ಆ್ಯಡಮ್ಸ್ ಅದರ ಚಿತ್ರ ತೆಗೆದರು. ಆಮೇಲೆ ಬಂದ ಹವ್ಯಾಸಿಗಳಿಗೆ ಲೆಕ್ಕವಿಲ್ಲ. 1976–77ರ ಬರದಲ್ಲಿ ಜನ ಬಕೆಟ್‌ನಲ್ಲಿ ನೀರು ಹೊತ್ತು ಹಾಕಿದರೂ ಮರ ಒಣಗಿತು. ಒಣಗಿಯೇ ಕಾಲು ಶತಮಾನ ನಿಂತಿದ್ದು 2003ರ ಆಗಸ್ಟ್‌ನಲ್ಲಿ ಉರುಳಿತು. ಹಳೆಯ ಚಿತ್ರಗಳನ್ನು ವರ್ಷದ ಪ್ರಕಾರ ಸಾಲಾಗಿ ಇಟ್ಟರೆ ಹಸಿರು ಮರ ಬೋಳಾಗುವುದು, ಬೋಳು ಮರ ಬಂಡೆಯ ಮೇಲೆ ಮಲಗುವುದು ಇವತ್ತಿಗೂ ಕಾಣುತ್ತದೆ.