ಮಣ್ಣಿನ ಜೀವವನ್ನು ತೂಗುವುದು

ಹೊಲದ ಮಣ್ಣಿನಲ್ಲಿ ಸಾರಜನಕವೆಷ್ಟು, ರಂಜಕವೆಷ್ಟು ಎಂದು ಹೇಳುವುದು ರಸಾಯನಶಾಸ್ತ್ರಜ್ಞನಿಗೆ ಕಷ್ಟವೇನಲ್ಲ. ಆದರೆ ಅದರಲ್ಲಿ ಜೀವವೆಷ್ಟು? ಸೊಪ್ಪುಸದೆಯನ್ನು ಕೊಳೆಸಿ ಪೈರಿಗೆ ಆಹಾರವಾಗಿಸುವ ಜೀವಾಣುಗಳು ಒಂದು ಚಮಚ ಮಣ್ಣಿನಲ್ಲಿಯೇ ಕೋಟಿಗಟ್ಟಲೆ ಇರುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿ ಎಣಿಸಹೊರಟರೆ ಅವುಗಳಲ್ಲಿ ಬಹುಪಾಲು ಅಲ್ಲಿ ಬೆಳೆಯಲೊಲ್ಲವು.

1843ರಿಂದ ಒಂದೇ ಹೊಲದಲ್ಲಿ ಗೋಧಿಯ ಪ್ರಯೋಗವನ್ನು ನಡೆಸಿಕೊಂಡು ಬಂದಿರುವ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾಲಯದ ಜೆಂಕಿನ್ಸನ್ ಮತ್ತು ಪೌಲ್ಸನ್ 1976ರಲ್ಲಿ ಇದಕ್ಕೊಂದು ವಿಚಿತ್ರವಾದ ಉಪಾಯವನ್ನು ಪ್ರಕಟಿಸಿದರು. ಬದುಕಿರುವುದನ್ನು ತೂಗಲು ಮೊದಲು ಅದನ್ನು ಕೊಲ್ಲಬೇಕು! ಮಣ್ಣನ್ನು ಕ್ಲೋರೋಫಾರಂ ಆವಿಯಲ್ಲಿಟ್ಟು, ಬಳಿಕ ಆ ಆವಿಯನ್ನು ಹೊರದೆಗೆದು, ಚಿಟಿಕೆಯಷ್ಟು ಹಸಿ ಮಣ್ಣನ್ನು ಬೆರೆಸಿ 10 ದಿನ ಮುಚ್ಚಿಡುವುದು. ಹೊಸ ಜೀವಾಣುಗಳು ಸತ್ತವನ್ನು ತಿಂದು ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಕೊಲ್ಲದೆ ಇಟ್ಟ ಮಣ್ಣಿಗಿಂತ ಇದು ಎಷ್ಟು ಹೆಚ್ಚಾಗಿ ಉಸಿರಾಡಿತೋ ಅದರಿಂದಲೇ ಸತ್ತವುಗಳ ಮೊತ್ತವನ್ನು ಲೆಕ್ಕ ಹಾಕಬಹುದು.

ಸಾಗುವಳಿಯ ಕ್ರಮ ಬದಲಾದರೆ ಮಣ್ಣಿನ ಒಟ್ಟು ಸಾವಯವಾಂಶದಲ್ಲಿ ಅದು ಕಾಣಲು ವರ್ಷಗಳೇ ಬೇಕು. ಜೀವಾಣುಗಳ ಮೊತ್ತವಾದರೋ ಬಹು ಮೊದಲೇ ಏರಿಳಿಯುತ್ತದೆ. ಭಾರತದಲ್ಲಿ 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಕಾರ್ಡಿಗಾಗಿ 12 ಅಂಶಗಳ ಪರೀಕ್ಷೆಯನ್ನು ಗೊತ್ತುಮಾಡಲಾಯಿತು. ಸಾವಯವ ಇಂಗಾಲವೂ ಅವುಗಳಲ್ಲೊಂದು. ಆರೋಗ್ಯವೆಂಬ ಹೆಸರನ್ನು ಹೊತ್ತ ಆ ಪಟ್ಟಿಯಲ್ಲಿ ಜೀವಾಣುಗಳಿಗೆ ಮಾತ್ರ ಸ್ಥಳ ದೊರೆಯಲಿಲ್ಲ.