ಒತ್ತಕ್ಷರ ನುಂಗುವ ವೆಬ್ ಪುಟಗಳು

ಸಿಂಧನೂರಿನ ರೈತ ಭತ್ತದ ದರ ನೋಡುವುದು ಮೊಬೈಲಿನಲ್ಲಿ, ಲಿಂಗಸುಗೂರಿನ ವಿದ್ಯಾರ್ಥಿ ಫಲಿತಾಂಶ ನೋಡುವುದೂ ಅದರಲ್ಲೇ. ಪುಟ ತೆರೆದರೆ ಒಮ್ಮೊಮ್ಮೆ ಅಕ್ಷರ ಇರಬೇಕಾದಲ್ಲಿ ಚೌಕಗಳು, ಸಾಲಿನ ಮೇಲೆ ಹತ್ತಿ ಕೂತ ಸಾಲು, ಪರದೆ ದಾಟಿ ಹೋದ ಕೋಷ್ಟಕ. ‘ನೆಟ್ ಸರಿ ಇಲ್ಲ’ ಎಂದು ಬೈದು ಮುಚ್ಚುವವರೇ ಹೆಚ್ಚು. ಬಣ್ಣ, ಚೌಕಟ್ಟು ಏನೂ ಇಲ್ಲದೆ ಪುಟ ಬೋಳಾಗಿ ಬಂದಿದ್ದರೆ ಆ ಬೈಗುಳ ನ್ಯಾಯವೇ. ಮತ್ತೊಮ್ಮೆ ಲೋಡ್ ಮಾಡಿದರೆ ಸರಿಹೋಗಬಹುದು. ಉಳಿದ ತೊಂದರೆಗಳ ಬೇರು ಬೇರೆ ಕಡೆ ಇದೆ.

‘ಮಸ್ಕಿ’ ಎಂಬ ಊರಿನ ಹೆಸರನ್ನೇ ನೋಡಿ. ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್ ಇಟ್ಟುಕೊಳ್ಳುವುದು ಐದು ಸಂಕೇತ: ಮ, ಸ, ಹಲಂತ ಚಿಹ್ನೆ (್), ಕ, ಕೊನೆಗೆ ಇಕಾರ. ಪರದೆಗೆ ಬರುವಾಗ ‘ಕ’ ಕೆಳಗಿಳಿದು ಒತ್ತಾಗಬೇಕು, ಇಕಾರ ಹಿಂದಕ್ಕೆ ಸರಿದು ‘ಸ’ದ ತಲೆ ಏರಬೇಕು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಚೌಕಟ್ಟಿನಲ್ಲಿ ಈ ಒತ್ತಿಗೆ ಜಾಗವಿರುವುದಿಲ್ಲ. ಹೊರಚಾಚಿದ್ದನ್ನು ಕತ್ತರಿಸು ಎಂಬ ಸೂಚನೆಯೂ ಇದ್ದರೆ ಮಸ್ಕಿ ‘ಮಸಿ’ಯಾಗುತ್ತದೆ. ಸಿಂಧನೂರು, ಲಿಂಗಸುಗೂರುಗಳಲ್ಲಿ ಒತ್ತಿಲ್ಲ, ಹಾಗಾಗಿ ಅದೇ ಚೌಕಟ್ಟಿನಲ್ಲಿ ಅವು ಪಾರಾಗಿಬಿಡುತ್ತವೆ; ಪುಟ ಮಾಡಿದವನಿಗೆ ದೋಷ ಗೊತ್ತಾಗುವುದೇ ಇಲ್ಲ.

ಒತ್ತಕ್ಷರ ಹೊಸದೇನಲ್ಲ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಇದೇ ಮಸ್ಕಿಯಲ್ಲಿ ಕಂಡ ಅಶೋಕನ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಕನ್ನಡ ಲಿಪಿಯ ಮೂಲ ಬ್ರಾಹ್ಮಿಯೇ. ಒಂದರ ಕೆಳಗೊಂದು ವ್ಯಂಜನ ಜೋಡಿಸುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು. ಕನ್ನಡಕ್ಕೆ ಲಿಪಿಗಳ ಜಾಗತಿಕ ಸಂಕೇತ ಪಟ್ಟಿಯಾದ ಯುನಿಕೋಡ್‌ನಲ್ಲಿ ಸ್ಥಾನ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಆದ್ದರಿಂದ ‘ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ’ ಎಂಬ ನೆಪ ಈಗ ನಡೆಯದು.

ರೋಗವನ್ನು ಲಕ್ಷಣದಿಂದಲೇ ಹಿಡಿಯಬಹುದು. ಬರೀ ಚೌಕಗಳು ಕಂಡರೆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ; ಪುಟದ ಜೊತೆಗೇ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಕಳಿಸುವುದು ಪರಿಹಾರ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದ್ದಾರೆ ಎಂದೇ ಲೆಕ್ಕ. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಅಂಟಿಸಬೇಕು. ಯುನಿಕೋಡ್ ಪಠ್ಯವೇ ಹೀಗೆ ಕೆಟ್ಟಿದ್ದರೆ ಪುಟದ ಸಂಕೇತ ಪದ್ಧತಿ ಯುಟಿಎಫ್-8 ಎಂದು ಘೋಷಿಸಿಲ್ಲ. ಚುಕ್ಕಿಗಳ ವೃತ್ತಕ್ಕೆ ಗುಣಿತದ ಚಿಹ್ನೆ ಜೋತುಬಿದ್ದಿದ್ದರೆ ಟೈಪಿಸುವಾಗ ಅನುಕ್ರಮ ತಪ್ಪಿದೆ. ಸಾಲುಗಳು ಒಂದರ ಮೇಲೊಂದು ಬಿದ್ದರೆ ಸಾಲಿನ ಎತ್ತರ ಸಾಲದು. ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಹೆಚ್ಚೇ ಇರಲಿ.

ಗುಂಡಿಗಳ ಕಥೆ ಬೇರೆ. ಇಂಗ್ಲಿಷಿನ ‘ರಿಜಿಸ್ಟರ್’ಗೆ ಅಳೆದ ಗುಂಡಿಯಲ್ಲಿ ‘ನೋಂದಾಯಿಸಿಕೊಳ್ಳಿ’ ಹಿಡಿಸುವುದಿಲ್ಲ. ಗುಂಡಿಗೆ ನಿಗದಿತ ಅಗಲ ಕೊಡದೆ, ಪದಕ್ಕೆ ತಕ್ಕಂತೆ ಹಿಗ್ಗಲು ಬಿಡಬೇಕು. ಅಗಲದ ಕೋಷ್ಟಕವಿದ್ದರೆ ಇಡೀ ಪುಟ ಸರಿಯುವ ಬದಲು ಕೋಷ್ಟಕ ಮಾತ್ರ ಪಕ್ಕಕ್ಕೆ ಸರಿಯುವಂತಿರಬೇಕು. ಪರೀಕ್ಷೆ ಸುಲಭ: ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ, ಮೊಬೈಲ್ ನೋಟಕ್ಕೆ ಬದಲಿಸಿ, ಅಗಲವನ್ನು 360 ಪಿಕ್ಸೆಲ್‌ಗೆ ಇಳಿಸಿ. ವಿನ್ಯಾಸದ ಸೂಚನೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಕಿಡಿಗೇಡಿ ಸೂಚನೆ ಸಿಕ್ಕಿಬೀಳುತ್ತದೆ.

ಓದುಗರ ಕೈಯಲ್ಲೂ ಕೆಲವು ಉಪಾಯಗಳಿವೆ. ಬ್ರೌಸರ್ ತಾನಾಗಿ ಮಾಡುವ ಅನುವಾದ ನಿಲ್ಲಿಸಿ. ಮೊಬೈಲಿನಲ್ಲಿ ಅಕ್ಷರದ ಗಾತ್ರ ವಿಪರೀತ ಹಿಗ್ಗಿಸಿದ್ದರೆ ಒಮ್ಮೆ ಇಳಿಸಿ ನೋಡಿ. ಅದೇ ಪುಟವನ್ನು ಬೇರೆ ಫೋನಿನಲ್ಲಿ ತೆರೆಯಿರಿ. ಅಲ್ಲೂ ಕೆಟ್ಟಿದ್ದರೆ ದೋಷ ಬಹುಪಾಲು ಪುಟದ್ದೇ. ಆಗ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್, ಫೋನಿನ ಮಾದರಿ, ಬ್ರೌಸರಿನ ಹೆಸರು, ಪುಟದ ವಿಳಾಸ, ಈ ನಾಲ್ಕನ್ನೂ ಸೇರಿಸಿ ಪುಟ ನಡೆಸುವವರಿಗೆ ಕಳಿಸಿ. ‘ಸರಿ ಕಾಣಲ್ಲ’ ಎಂಬ ಒಂದು ಸಾಲಿನ ದೂರು ಹಿಡಿದು ಯಾರೂ ಏನನ್ನೂ ರಿಪೇರಿ ಮಾಡಲಾರರು.